ಜಂಪಣ್ಣನ ದೋಣಿಯಲ್ಲಿ ನೊರೆ

“ಹಲೋ... ಹಾಂ, ಹಲೋ! ಯಾರ್ರೀ ಮಾತಾಡ್ತಿರೋದು?... ಯಾರು?... ಇಲ್ಲಿ ಬಸ್‌ಸ್ಟ್ಯಾಂಡಲ್ಲಿ ಭಾಳ ಗದ್ದಲ ಐತೆ, ಸ್ವಲ್ಪ ಗಟ್ಟಿ ಹೇಳ್ರಿ...”

“ಓ, ಆಶಮ್ಮ! ಸೂಳೆಕೆರೆ ಜಂಪಣ್ಣನ ಮನೆಯವ್ರು, ಅಲ್ವಾ? ನಂಬರ್ ಹೊಸದು ನೋಡ್ರಿ, ಗೊತ್ತಾಗ್ಲಿಲ್ಲ. ಹಾಂ, ನಾನೇ ಮುಜಮ್ಮಿಲ್. ಹೊನ್ನಾಳೀಲಿದೀನಿ. ಹೇಳ್ರಮ್ಮ...”

ಮುಜಮ್ಮಿಲನ ಒಂದು ಕೈಯಲ್ಲಿ ಫೈಬರ್ ಅಂಟಿಸುವ ರೆಸಿನ್ ಡಬ್ಬ, ಕಂಕುಳಲ್ಲಿ ಫೈಬರ್ ಮ್ಯಾಟಿನ ಸುರುಳಿ, ಇನ್ನೊಂದು ಕೈಯಲ್ಲಿ ಫೋನು. ಕೆರೆಬಿಳಚಿಯಲ್ಲಿ ಅವನದೊಂದು ತಗಡಿನ ಶೆಡ್ಡು. ಒಡೆದ ಬಂಪರು, ಸೀಳಿದ ನೀರಿನ ಟ್ಯಾಂಕು, ಸೋರುವ ಪೆಟ್ರೋಲ್ ಟ್ಯಾಂಕು, ಯಾವುದನ್ನು ತಂದಿಟ್ಟರೂ ಬೇಡ ಎನ್ನುವ ಆಸಾಮಿಯಲ್ಲ. ಈಚೆಗೆ ಆ ಶೆಡ್ಡಿನ ಮುಂದೆ ಜಂಪಣ್ಣನ ದೋಣಿ ಬಿದ್ದುಕೊಂಡಿತ್ತು. ಎಲ್ಲೋ ಒಂದು ಪಾರ್ಕಿನ ಕೊಳದಲ್ಲಿ ಜನರನ್ನು ಸುತ್ತಿಸಿ ಸುತ್ತಿಸಿ ಹಣ್ಣಾದ ಸಣ್ಣ ಫೈಬರ್ ದೋಣಿ ಅದು. ಮೀನು ಹಿಡಿಯಲೆಂದು ಜಂಪಣ್ಣ ಅದನ್ನು ಕೊಂಡು ತಂದಿದ್ದ. ಬಲೆ ಹರವಲು ಜಾಗ ಬೇಕೆಂದು ಒಳಗಿದ್ದ ಎರಡು ಕುರ್ಚಿಗಳನ್ನು ಕೀಳಿಸಿದ್ದ. ಕುರ್ಚಿಗಳು ಹೋದವು, ತಳದಲ್ಲಿ ಅವುಗಳ ಸ್ಕ್ರೂ ಕೂತಿದ್ದ ಎಂಟು ತೂತುಗಳು ಉಳಿದವು. ಅವನ್ನು ಮುಚ್ಚುವ ಸಾಮಾನಿಗಾಗಿಯೇ ಮುಜಮ್ಮಿಲ್ ಹೊನ್ನಾಳಿಯಲ್ಲಿ ಫೈಬರ್ ಬಾಗಿಲು ಮಾಡುವ ಗೆಳೆಯನ ಹತ್ತಿರ ಬಂದಿದ್ದು.

“ದೋಣಿ ವಿಷ್ಯ ತಾನೆ? ಆಗ್ತೈತೆ, ಆಗ್ತೈತೆ. ಮೂತಿ ಸೀಳಿತ್ತಲ್ಲ, ಅದನ್ನ ನಿನ್ನೆನೇ ಮುಗಿಸಿದೀನಿ. ಹಳೇದೆಲ್ಲ ತಿಕ್ಕಿ ತೆಗ್ದು, ಪದರದ ಮೇಲೆ ಪದರ ಮ್ಯಾಟ್ ಕೂರಿಸಿ, ರೆಸಿನ್ ಕುಡಿಸಿ... ಈಗ ಅದು ಕಲ್ಲು. ಗುದ್ದಿದ್ರೆ ನಿಮ್ಮ ಕೈಗೇ ನೋವು. ಇನ್ನು ಉಳ್ದಿರೋದು...”

“ಏನಂದ್ರಿ?... ಉಪಕಾರಾನಾ? ಎದಕ್ಕೆ?...”

“ತಗೊಂಡ್ ಹೋದ್ರಾ? ಯಾವಾಗ?... ಬೆಳಿಗ್ಗೆ. ಯಾರು ಕೊಟ್ಟಿದ್ದು, ನಮ್ಮ ಮನೆಯವ್ಳು ಅರ್ಷಿಯಾ ಕೊಟ್ಲಾ?... ಹಾಂ... ಇರ್ಲಿ ಬಿಡ್ರಿ, ಶೆಡ್ಡಿನ ಮುಂದೆ ಬಿದ್ದಿರೋದ್ರ ಬದ್ಲು ನಿಮ್ಮ ದಂಡೆ ಮೇಲೆ ಬಿದ್ದಿರುತ್ತೆ. ನಾನೇ ಅಲ್ಲಿಗೆ ಬಂದು ಮುಗಿಸ್ತೀನಿ. ನೀರಿಗೆ ಮಾತ್ರ ಇಳಿಸಬ್ಯಾಡ್ರಿ. ಈಗ ಎಲ್ಲೈತೆ ಅದು? ದಂಡೇಲಿ ಐತಲ್ವಾ?...”

“ನಡುಕೆರೇಲಾ?”

ಅಲ್ಲಿಯವರೆಗೆ ಫೋನಿನಲ್ಲಿ ಗಾಳಿ ಎಂದುಕೊಂಡಿದ್ದ ಸದ್ದು ಗಾಳಿಯದಲ್ಲ, ಹುಟ್ಟು ನೀರನ್ನು ತಳ್ಳುವ ಸದ್ದು ಎಂದು ಈಗ ತಿಳಿಯಿತು. ರೆಸಿನ್ ಡಬ್ಬವನ್ನು ಮೆಲ್ಲಗೆ ನೆಲಕ್ಕಿಟ್ಟ. ಕಂಕುಳ ಸುರುಳಿ ತಾನಾಗಿಯೇ ಜಾರಿ ಬಿತ್ತು.

ಆ ಎಂಟು ತೂತುಗಳನ್ನು ಅವನು ನಿನ್ನೆ ಸಂಜೆ ಇನ್ನಷ್ಟು ದೊಡ್ಡದು ಮಾಡಿದ್ದ. ಹಾಗೇ ಮಾಡಬೇಕು. ಸ್ಕ್ರೂ ಸುತ್ತ ನೀರು ಕುಡಿದು ಕೊಳೆತ ಫೈಬರನ್ನು ಕೆರೆದು, ಬಾಯಿ ಅಗಲಿಸಿ, ಚೆನ್ನಾಗಿ ಒಣಗಿಸಿ, ಆಮೇಲೆ ಹೊಸದನ್ನು ತುಂಬಬೇಕು. ಈಗ ಒಂದೊಂದರಲ್ಲೂ ಬೆರಳು ಇಳಿಯುತ್ತಿತ್ತು. ಅಷ್ಟು ಮಾಡಿ ಅವನು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಪೆಟ್ರೋಲ್ ಟ್ಯಾಂಕಿನ ಕೆಲಸ ಮಾಡಿದ ಕೈ, ತೂತು ಕಂಡರೆ ಸಾಬೂನು ಹುಡುಕುತ್ತದೆ. ಸೋರುವ ಟ್ಯಾಂಕಿಗೆ ಮೊದಲು ಸಾಬೂನು ತಿಕ್ಕುವುದು, ಆಮೇಲೆ ಉಳಿದದ್ದು. ರಾತ್ರಿ ಇರುವೆ, ಧೂಳು ಹೋಗದಿರಲಿ ಎಂದು ಎಂಟಕ್ಕೂ ಬಿಳಿ ಬಟ್ಟೆ ಸಾಬೂನನ್ನು ಮೆತ್ತಿ, ಹೆಬ್ಬೆರಳಲ್ಲಿ ನುಣ್ಣಗೆ ಸವರಿ ಮಲಗಿದ್ದ. ಬಿಳಿ ದೋಣಿ, ಬಿಳಿ ಸಾಬೂನು, ಮೇಲೆ ಫೈಬರ್ ತಿಕ್ಕಿದಾಗ ಉದುರಿದ ಬಿಳಿ ಪುಡಿ. ಅರ್ಷಿಯಾ ಕೈ ಆಡಿಸಿ ನೋಡಿರುತ್ತಾಳೆ. ಅವಳಿಗೆ ತೂತು ಎಲ್ಲಿ ಸಿಗಬೇಕು?

“ಹಾಂ, ಇದೀನಿ ಇದೀನಿ. ಏನಿಲ್ಲ, ಕೆಮ್ಮು ಬಂತು. ಯಾರ್ಯಾರು ಇದೀರಿ ದೋಣೀಲಿ?... ಜಂಪಣ್ಣ ಹುಟ್ಟು ಹಾಕ್ತಾ ಇದಾನೆ, ಸರಿ... ನೀವು... ನಿಮ್ಮತ್ತೆ ಉಚ್ಚಂಗಮ್ಮಜ್ಜಿ... ಬಾಗಿನ ಬಿಡಾಕೆ ಹೊರಟ್ರಾ? ಹೌದು, ಕೆರೆ ತುಂಬೈತಲ್ಲ... ಮತ್ತೆ ಇನ್ನೊಬ್ರು ಯಾರು?... ಮಗು? ಯಾರ ಮಗು?...”

“ನಮ್ಮ ಅಫ್ಶೀನಾ?”

ದೊಡ್ಡ ದನಿಯಲ್ಲಿ ಕೇಳಿಬಿಟ್ಟ. ಪಕ್ಕದ ಚಹಾ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ತಿರುಗಿ ನೋಡಿದ.

ಜಂಪಣ್ಣನ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮನೆಗೆ ಬಂದ ದೋಣಿ ಮೊದಲ ಸಲ ನೀರಿಗೆ ಇಳಿಯುವಾಗ ಅದರ ಮೂತಿಯಲ್ಲಿ ಒಂದು ಹೆಣ್ಣುಮಗು ಕೂತಿರಬೇಕು, ಮನೆಯ ಹೆಂಗಸರು ಬಾಗಿನ ಬಿಡಬೇಕು, ಆಮೇಲೆಯೇ ಬಲೆ. ಆಶಾಳಿಗೆ ಹೆಣ್ಣುಮಕ್ಕಳಿಲ್ಲ. ಅರಿಸಿನ ಕುಂಕುಮದ ತಟ್ಟೆ ಹಿಡಿದು ದೋಣಿಗೆಂದು ಬಂದವರು, ಅದರೊಳಗೆ ಕೂತು ಆಡುತ್ತಿದ್ದ ಅಫ್ಶೀನಳನ್ನೂ ಕಳಿಸಿಕೊಡಿ ಎಂದಿದ್ದಾರೆ. ತಟ್ಟೆ ಹಿಡಿದು ಬಾಗಿಲಿಗೆ ಬಂದವರನ್ನು ನಾಳೆ ಬನ್ನಿ ಎನ್ನಲು ಅರ್ಷಿಯಾಳ ನಾಲಿಗೆ ಏಳುವುದಿಲ್ಲ. ಇನ್ನು ಅಫ್ಶೀನ್, ಒಣಗಿದ ನೆಲದ ಮೇಲೆ ದಿನವೂ ಅದೇ ದೋಣಿಯಲ್ಲಿ ಹುಟ್ಟು ಹಾಕುವ ಆಟ ಆಡಿದವಳು, ಒಂದು ಸಲ ಕರೆದರೆ ಸಾಕಿತ್ತು. ಅವಳಿಗೆ ಈಜು ಬಾರದು. ಸೊಂಟದ ಮೇಲೆ ನೀರನ್ನೇ ಕಂಡವಳಲ್ಲ.

“ಇಲ್ಲಮ್ಮ, ಬೇಜಾರ್ ಯಾಕೆ, ಕರ್ಕೊಂಡ್ ಹೋಗಿದ್ದಕ್ಕೆ ಖುಷೀನೇ... ಆಶಮ್ಮ, ಒಂದು ಮಾತು ಕೇಳ್ತೀನಿ, ಸುಮ್ನೆ ಕೇಳೋದು. ಕಾಲಡಿ ನೀರೇನಾದ್ರೂ ಐತಾ?... ಇಲ್ವಾ? ಸರಿ ನೋಡಿ ಹೇಳ್ರಿ... ಜಾರುತ್ತಾ?... ಏನು? ನೊರೆನಾ?... ಬೆಳ್ಳಗೆ... ಅಫ್ಶೀನ್ ಕಾಲಲ್ಲಿ ಕದಡ್ತಾ ಇದಾಳೆ... ಇಲ್ಲಮ್ಮ, ನಾ ಯಾವ ಸೋಪಿನ ಪುಡೀನೂ ಹಾಕಿ ತೊಳ್ದಿಲ್ಲ...”

ಫೋನಿನಲ್ಲಿ ಮಗಳ ನಗು ಕೇಳಿಸಿತು. ಮನೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಗುತ್ತಾಳಲ್ಲ, ಅದೇ ನಗು. ಮುಜಮ್ಮಿಲ್ ರೆಸಿನ್ ಡಬ್ಬದ ಮೇಲೆ ಕೂತ, ಕೂತವನು ಮತ್ತೆ ಎದ್ದ. ಸಾಬೂನು ಕರಗತೊಡಗಿದೆ. ಹೇಳಿದರೆ ನಾಲ್ವರೂ ಒಮ್ಮೆಗೇ ಎದ್ದು ನಿಲ್ಲುತ್ತಾರೆ, ದೋಣಿ ಮಗುಚುತ್ತದೆ. ಹೇಳದಿದ್ದರೆ ಮುಳುಗುತ್ತದೆ. ಅವನಿಗೆ ಕಿರುಚಬೇಕೆನಿಸಿತು. ಕಿರುಚಲಿಲ್ಲ, ಗಿರಾಕಿಯ ಹತ್ತಿರ ಮಾತಾಡುವ ದನಿಯನ್ನೇ ಹೇಗೋ ಎಳೆದು ತಂದ.

“ಆಶಮ್ಮ, ಈಗ ನಾ ಹೇಳೋದನ್ನ ಕೂತ್ಕೊಂಡೇ ಕೇಳ್ರಿ. ಯಾರೂ ಏಳಬಾರ್ದು. ಅಜ್ಜಿ ಕೂತಿದಾರಾ?... ಅಫ್ಶೀನ್?... ಸರಿ. ತಳದಲ್ಲಿ ಕುರ್ಚಿ ತೂತು ಇದ್ವಲ್ಲ, ಅವನ್ನ ನಾ ಇನ್ನೂ ಮುಚ್ಚಿಲ್ಲ. ಅದರೊಳಗೆ ಇರೋದು ಸಾಬೂನು... ಸಾಬೂನಮ್ಮ, ಬಟ್ಟೆ ಸಾಬೂನು. ಅದಕ್ಕೇ ನೊರೆ...”

“ಬೈರಿ. ದಂಡೆಗೆ ಬಂದ್ಮೇಲೆ ಎಷ್ಟು ಬೇಕಾದ್ರೂ ಬೈರಿ, ಚಪ್ಪಲಿ ತಗೊಂಡ್ ಹೊಡೀರಿ, ನಿಂತ್ಕೊಂಡು ಹೊಡಿಸ್ಕೊಂತೀನಿ. ಈಗ ಜಂಪಣ್ಣಂಗೆ ಹೇಳ್ರಿ, ದೋಣಿ ತಿರುಗಿಸ್ಲಿ. ಗಾಬರಿಲಿ ಅಲ್ಲ, ಮೆತ್ತಗೆ. ಯಾವ ಕಡೆ ಹತ್ರ?... ತೂಬಿನ ಕಡೆ ಬ್ಯಾಡ, ಅಲ್ಲಿ ಆಳ. ಜಾಲಿ ಗಿಡ ನೀರಲ್ಲಿ ನಿಂತಾವಲ್ಲ, ಆ ಕಡೆ ಹೊಡೀಲಿ. ಅಲ್ಲಿ ಬೇಗ ನೆಲ ಸಿಗುತ್ತೆ. ಹೇಳಿದ್ರಾ?... ತಿರುಗಿಸಿದ್ನಾ?...”

ಚನ್ನಗಿರಿಯ ಬಸ್ಸು ಬಂದು ಅವನ ಮುಂದೆಯೇ ನಿಂತಿತು. ಕಂಡಕ್ಟರು ಬಾಗಿಲಲ್ಲಿ ನೇತುಬಿದ್ದು ಊರುಗಳ ಹೆಸರು ಕೂಗಿದ. ಮುಜಮ್ಮಿಲ್ ಒಂದು ಕಾಲು ಮೆಟ್ಟಿಲ ಮೇಲಿಟ್ಟು ತೆಗೆದ. ಹತ್ತಿದರೆ ಊರಿನ ಹತ್ತಿರವಾಗುತ್ತಾನೆ, ನಿಜ. ಆದರೆ ಹೊಲಗಳ ನಡುವೆ ಬಸ್ಸು ಹೊಕ್ಕ ಕೂಡಲೇ ಸಿಗ್ನಲ್ ಸಾಯುತ್ತದೆ. ಅದು ಅವನಿಗೆ ಚೆನ್ನಾಗಿ ಗೊತ್ತು. ಬಸ್ಸು ಹೋಯಿತು. ಚಹಾ ಅಂಗಡಿಯವನು ತಾನೇ ಬಂದು, ಯಾರಿಗಾದರೂ ಹೇಳಬೇಕಾ ಎಂದು ತನ್ನ ಫೋನನ್ನು ಚಾಚಿದ. ಅರ್ಷಿಯಾಳ ನಂಬರು ಮುಜಮ್ಮಿಲನ ನಾಲಿಗೆಯ ಮೇಲಿರಲಿಲ್ಲ. ಎಲ್ಲ ನಂಬರುಗಳೂ ಕಿವಿಗೆ ಹಿಡಿದಿದ್ದ ಆ ಫೋನಿನೊಳಗಿದ್ದವು. ಅದರಲ್ಲಿ ಯಾವ ಗುಂಡಿ ಒತ್ತಿದರೂ ದೋಣಿ ಕೈ ತಪ್ಪಿಹೋದೀತೆಂದು ಅವನಿಗೆ ಭಯ.

“ಹಾಂ, ಹೇಳ್ರಿ... ಬೆರಳು ಮುಳುಗೋ ಅಷ್ಟಾ? ಪಾದಾನಾ?... ಪಾದ. ಸರಿ, ಹೆದರಬ್ಯಾಡ್ರಿ. ಬಟ್ಟೆ ಬೇಕು ಈಗ. ತೂತು ಮುಚ್ಚಾಕೆ. ಹೊಸ ಬಟ್ಟೆ ಆದ್ರೆ ಒಳ್ಳೇದು, ಬಿಗಿಯಾಗಿ ಕೂರುತ್ತೆ. ಬಾಗಿನದಲ್ಲಿ ಕುಪ್ಪಸದ ಕಣ ಇಟ್ಟಿದೀರಲ್ವಾ? ತೆಗೀರಿ ಅವನ್ನ... ಯಾಕೆ?... ಅಜ್ಜಿ ಬ್ಯಾಡ ಅಂತಾರಾ?...”

“ಕೊಡ್ರಿ, ಅಜ್ಜಿ ಕಿವಿಗೆ ಕೊಡ್ರಿ... ಅಜ್ಜಿ, ನಾನು, ಕೆರೆಬಿಳಚಿ ಮುಜಮ್ಮಿಲ್... ಹೌದಜ್ಜಿ, ಗೊತ್ತು, ಗಂಗಮ್ಮನ ಕಣ, ಕಾಲಡಿಗೆ ಹಾಕೋದಲ್ಲ. ಒಪ್ತೀನಿ... ಆದ್ರೆ ಅಜ್ಜಿ, ನೀವು ಅವಳಿಗೆ ಕೊಡಾಕೆ ತಾನೆ ತಂದಿದ್ದು? ಅವಳು ಕಾಯದೆ ತಾನೇ ದೋಣಿಯೊಳಗೆ ಬಂದವ್ಳೆ, ಇಸ್ಕೊಳ್ಳಾಕೆ. ಅವಳ ಕೈಗೇ ಕೊಟ್ಟಂಗಾಯ್ತು. ಕೊಡ್ರಜ್ಜಿ. ನನ್ನ ಮಗಳು ಅದಾಳೆ ಅಲ್ಲಿ... ಅಜ್ಜಿ?... ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ...”

ಆ ಕಡೆಯಿಂದ ಪರ್ರನೆ ಬಟ್ಟೆ ಹರಿದ ಸದ್ದು. ಮುಜಮ್ಮಿಲ್ ಕಣ್ಣು ಮುಚ್ಚಿಕೊಂಡ. ಮುದುಕಿಯೇ ಹಲ್ಲಿನಿಂದ ಕಚ್ಚಿ ಹರಿದಳೆಂದು ಆಮೇಲಿನ ಮಾತಿನಿಂದ ತಿಳಿಯಿತು.

“ಹಲ್ಲಲ್ಲಾ? ಅಜ್ಜಿಗೆ ಅಲ್ಲಾ ಆಯಸ್ಸು ಕೊಡ್ಲಿ... ಆಶಮ್ಮ, ಕೇಳ್ರಿ. ಸಾಬೂನು ಇನ್ನೂ ಗಟ್ಟಿ ಇರೋ ತೂತಿನ ತಂಟೆಗೆ ಹೋಗಬ್ಯಾಡ್ರಿ. ನೀರು ಏಳ್ತಿರೋ ತೂತು ಎಲ್ಲಿ, ಅದನ್ನ ಮಾತ್ರ. ಬಟ್ಟೆನ ದೀಪದ ಬತ್ತಿ ಹೊಸೆದಂಗೆ ಹೊಸೀರಿ, ಹೆಬ್ಬೆರಳಿಗಿಂತ ದಪ್ಪ ಇರ್ಲಿ. ತೂತಿಗೆ ಇಟ್ಟು ತಿರುವ್ತಾ ಒತ್ರಿ. ಬಡೀಬ್ಯಾಡ್ರಿ, ಅಂಚು ತೆಳ್ಳಗೆ ತಿಕ್ಕಿದೀನಿ, ಮುರೀತೈತೆ... ಕೂತ್ತಾ? ನಿಂತ್ತಾ ನೀರು?... ಇನ್ನೊಂದು. ಮೊದಲಿನದ್ರ ಹಂಗೇ... ಅಜ್ಜಿ ಚೊಂಬು ತಗೊಂಡು ನೀರು ಚೆಲ್ಲಲಿ. ತೆಂಗಿನಕಾಯಿ, ಅಕ್ಕಿ, ಮೊರ ಎಲ್ಲ ಕೆರೆಗೆ ಹಾಕ್ರಿ, ಭಾರ ಇಳೀಲಿ... ಹಾಕಿದ್ರಾ? ಒಳ್ಳೇದಾಯ್ತು, ಬಾಗಿನಾನೂ ಬಿಟ್ಟಂಗಾಯ್ತು...”

ತನ್ನ ಬಾಯಿಂದ ತಮಾಷೆ ಹೇಗೆ ಬಂತೆಂದು ಅವನಿಗೇ ಆಶ್ಚರ್ಯ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಸುತ್ತ ನಾಲ್ಕೈದು ಜನ ಸೇರಿದ್ದರು. ಯಾರೋ ನೀರಿನ ಬಾಟಲಿ ಕೊಟ್ಟರು. ಅದರೊಳಗಿನ ನೀರು ಅಲುಗುವುದನ್ನು ಕಂಡು ಅವನು ಮುಖ ತಿರುಗಿಸಿದ.

“ಹಾಂ... ಎಷ್ಟು ಆಯ್ತು?... ಮೂತಿ ಹತ್ರದ್ದಾ? ಏನಾಯ್ತು ಅದಕ್ಕೆ?... ಅಂಚು ಮುರೀತಾ... ಬತ್ತಿ ಒಳಗೇ ಹೋಯ್ತಾ?... ಎಷ್ಟಗಲ ಆಗೈತೆ?... ಯಾ ಅಲ್ಲಾ... ಬುಗ್ಗೆ ಎದ್ದಂಗೆ ಬರ್ತೈತಾ?... ನೀವು ಅಲ್ಲಿಗೆ ಹೋಗಬ್ಯಾಡ್ರಿ! ಎಲ್ಲಾ ಮುಂದೆ ಹೋದ್ರೆ ಮೂತಿ ಮುಳುಗುತ್ತೆ. ಅಲ್ಲಿ ಯಾರಿದಾರೆ?... ಅಫ್ಶೀನ್...”

“ಕೊಡ್ರಿ ಅವಳಿಗೆ... ಸ್ಪೀಕರ್ ಹಾಕಿ ಚಾಚ್ರಿ, ಸಾಕು.”

ಮನೆಯಲ್ಲಿ ಅವನು ಮಗಳ ಜೊತೆ ಉರ್ದುವಿನಲ್ಲೇ ಮಾತಾಡುವುದು. ಈಗ ದೋಣಿಯಲ್ಲಿದ್ದ ಎಲ್ಲರಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಶುರು ಮಾಡಿದ.

“ಅಫ್ಶೀನ್, ಬೇಟಾ... ಹಾಂ, ನಾನು, ನಿನ್ನ ಅಬ್ಬಾ. ಮಜಾ ಬರ್ತೈತಾ?... ನಾನೂ ಬರ್ತೀನಿ, ಬಸ್ಸಿಗೆ ನಿಂತಿದೀನಿ. ಈಗ ಒಂದು ಕೆಲಸ ಮಾಡ್ತೀಯಾ? ನಿನ್ನ ದುಪಟ್ಟಾ ಮಡಚಿ ಮಡಚಿ ದಪ್ಪ ಮಾಡು. ನೀರು ಬರ್ತೈತಲ್ಲ, ಅದರ ಮೇಲಿಡು. ಇಟ್ಯಾ?... ಈಗ ಬಲಗಾಲಿನ ಹಿಮ್ಮಡಿ ಅದರ ಮೇಲಿಟ್ಟು ಒತ್ತು. ಜೋರಾಗಿ ಒತ್ತು, ಕೈಲಿ ನೀನು ಕೂತಿರೋ ಹಲಗೆ ಹಿಡ್ಕೊ... ತಣ್ಣಗೈತಾ? ಇರ್ಲಿ, ತಣ್ಣಗೇ ಇರುತ್ತೆ. ನಿಂತ್ತಾ ನೀರು?... ಶಾಬಾಶ್. ಕಾಲು ಎತ್ತಬೇಡ. ಕೇಳಿಸ್ತಾ? ಯಾರು ಏನೇ ಹೇಳಿದ್ರೂ ಎತ್ತಬೇಡ. ಅಬ್ಬಾ ಹೇಳೋ ತನಕ ಕಾಲು ಎತ್ತಬೇಡ... ಅಳಬಾರ್ದು. ನೀನು ಅಳ್ತಾ ಇದೀಯಾ?... ಇಲ್ಲ ಅಲ್ವಾ? ಹಂಗೆ.”

ಅಳುತ್ತಿದ್ದವನು ಅವನೇ. ಬಸ್ ನಿಲ್ದಾಣದ ಸಿಮೆಂಟು ನೆಲವನ್ನು ಅವನ ಬಲಗಾಲಿನ ಹಿಮ್ಮಡಿ ಬಲವಾಗಿ ಒತ್ತುತ್ತಿತ್ತು. ಮೂತಿಯ ಸೀಳನ್ನು ಅಷ್ಟು ಚೆಂದ ಮುಚ್ಚಿದ್ದೆನಲ್ಲ, ಅದೇ ಶ್ರದ್ಧೆಯಲ್ಲಿ ಬೆಳಿಗ್ಗೆ ಹೊರಡುವಾಗ ಹೆಂಡತಿಗೆ ಒಂದು ಮಾತು ಹೇಳಬಾರದಿತ್ತೇ ಎಂದು ತನ್ನನ್ನೇ ಶಪಿಸಿಕೊಂಡ.

“ಆಶಮ್ಮ?... ಹಾಂ. ಜಾಲಿ ಗಿಡ ಎಷ್ಟು ದೂರ?... ಕೂಗಿದ್ರೆ ಕೇಳೋ ಅಷ್ಟಾ? ಕೂಗ್ರಿ ಮತ್ತೆ! ದಂಡೇಲಿ ಯಾರೂ ಇಲ್ವಾ?... ದನ ಮಾತ್ರ... ನೀರು ಎಲ್ಲಿಗೆ ಬಂತು?... ಮೊಣಕಾಲಾ?... ಮತ್ತೆ ಎಲ್ಲಿಂದ ಬರ್ತೈತೆ? ಹಿಂದಿನವೂ ಕರಗಿದ್ವಾ?... ಹೊಡೀಲಿ, ಹೊಡೀಲಿ, ಜಂಪಣ್ಣಂಗೆ ನಿಲ್ಲಬ್ಯಾಡ ಅನ್ರಿ...”

“ಹುಟ್ಟು ಇಳಿಸಿ ನೋಡ್ಲಿ. ನೆಲ ತಾಗ್ತಾ?... ಇಲ್ವಾ... ಇನ್ನೊಂದಿಷ್ಟು ಹೋಗಿ ನೋಡ್ಲಿ... ಈಗ?... ತಾಗ್ತಾ? ಕೆಸರಾ? ಕೆಸರಾದ್ರೂ ನೆಲಾನೇ ಅಮ್ಮ, ನೆಲ ಸಿಕ್ತು!...”

ಸುತ್ತ ನಿಂತವರಲ್ಲಿ ಯಾರೋ ಉಸ್ಸೆಂದರು. ಚಹಾ ಅಂಗಡಿಯವನು ಮೇಲೆ ನೋಡಿ ಕೈ ಮುಗಿದ. ಮುಜಮ್ಮಿಲ್ ಮಾತ್ರ ಉಸಿರು ಬಿಡಲಿಲ್ಲ.

“ಜಂಪಣ್ಣ ಇಳ್ದ್ನಾ?... ಅವನಿಗೆ ಎಲ್ಲಿಗೈತೆ ನೀರು?... ಎದೆಗೆ. ಸರಿ. ಮೊದಲು ಅಜ್ಜಿನ ಹೆಗಲ ಮೇಲೆ ಕೂರಿಸ್ಕೊಂಡು ನಡೀಲಿ... ನೀವು ಇಳ್ದ್ರಾ?... ಕುತ್ತಿಗೆಗಾ? ಫೋನು ಮೇಲೆ ಹಿಡ್ಕೊಂಡಿದೀರಾ? ಒಂದು ಕೈಲಿ ದೋಣಿ ಅಂಚು ಬಿಡಬ್ಯಾಡ್ರಿ. ಈಗ ಅಫ್ಶೀನ್ ನಿಮ್ಮ ಬೆನ್ನಿಗೆ ಬರ್ಲಿ. ಕುತ್ತಿಗೆ ತಬ್ಕೊಳ್ಳಾಕೆ ಹೇಳ್ರಿ... ಏನಂತಾಳೆ?...”

“ಯಾಕೆ ಬರಲ್ಲ?...”

“ದೋಣಿಗೆ ಎಲ್ಲಿ ತನಕ ನೀರು ಬಂದೈತೆ?... ಅವಳ ಸೊಂಟಕ್ಕಾ? ಮತ್ತೆ ಇಳ್ಸಿ ಅವಳನ್ನ! ಎಳೀರಿ!... ಹಲಗೆ ಬಿಡ್ತಿಲ್ವಾ?... ಏನಂತಾಳೆ, ಏನಂತಾಳೆ ಆಶಮ್ಮ, ಸರಿ ಹೇಳ್ರಿ... ಅಬ್ಬಾ ಹೇಳಿಲ್ಲ ಅಂತಾಳಾ?...”

ಅರ್ಧ ಮುಳುಗಿದ ದೋಣಿಯಲ್ಲಿ, ಸೊಂಟದವರೆಗಿನ ನೀರಿನಲ್ಲಿ, ಹಿಮ್ಮಡಿಯನ್ನು ತೂತಿಗೆ ಒತ್ತಿ, ಹಲಗೆಯನ್ನು ಎರಡೂ ಕೈಯಿಂದ ಹಿಡಿದು ಕೂತ ತನ್ನ ಮಗಳು ಅವನ ಕಣ್ಣಿಗೆ ಕಟ್ಟಿದಳು. ಹೇಳಿದ ಮಾತು ಕೇಳುವುದಿಲ್ಲವೆಂದು ದಿನವೂ ಅರ್ಷಿಯಾಳ ಹತ್ತಿರ ಬೈಸಿಕೊಳ್ಳುವ ಹುಡುಗಿ.

“ಕೊಡ್ರಿ! ಫೋನು ಅವಳ ಕಿವಿಗೆ ಹಿಡೀರಿ! ಹಿಡಿದ್ರಾ?... ಅಫ್ಶೀನ್! ಅಫ್ಶೀನ್, ಬೇಟಾ, ಅಬ್ಬಾ ಮಾತಾಡ್ತಾ ಇದೀನಿ. ಕೇಳಿಸ್ತಾ?... ದೋಣಿ ಹೋಗ್ಲಿ. ದೋಣಿ ಬ್ಯಾಡ ನಮಗೆ. ಈಗ ಅಬ್ಬಾ ಹೇಳ್ತೀನಿ, ಕೇಳು, ಕಾಲು...”

ಫೋನಿನಲ್ಲಿ ಬುಳಕ್ ಎಂದು ಒಂದು ಸದ್ದು. ಆಮೇಲೆ ಏನೂ ಇಲ್ಲ.

“...ಎತ್ತು,” ಎಂದ ಮುಜಮ್ಮಿಲ್. “ಎತ್ತು ಬೇಟಾ... ಹಲೋ?... ಎತ್ತು... ಹಲೋ?...”